ಮುಂದಿನ ಸೀಟು

ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲು ಬರುವುದಿಲ್ಲ. ಟೀಚರಮ್ಮನಿಗೂ ಬರಲಿಲ್ಲ. ಸೊಸೆಯ ಅಡುಗೆಮನೆಯ ಡಬ್ಬಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದರು. ಆಮೇಲೆ ಸೊಸೆಯ ಒಗ್ಗರಣೆಯನ್ನೂ ತಿದ್ದಲು ಹೊರಟಾಗ ಮಗನೇ ಕೈಮುಗಿದ. "ಅಮ್ಮ, ಹಳ್ಳಿಗಳಿಗೆ ಹೋಗೋ ಆಸ್ಪತ್ರೆ ವ್ಯಾನಿಗೆ ಸ್ವಯಂಸೇವಕರು ಬೇಕಂತೆ. ಹೋಗಿ ಅವರನ್ನ ತಿದ್ದು."

ವ್ಯಾನಿನಲ್ಲಿ ಸಿಕ್ಕಿದ್ದು ರಾಜಮರ್ಯಾದೆ. ಮೊದಲ ದಿನವೇ ವಯಸ್ಸಾದ ನರ್ಸಮ್ಮ ಡ್ರೈವರ್ ಪಕ್ಕದ ಸೀಟಿನಿಂದ ಎದ್ದು, "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ, ನೀವು ಕೂತ್ಕೊಳಿ" ಎಂದು ತಾನು ಹಿಂದೆ ಹೋಗಿದ್ದಳು. ಡ್ರೈವರನೋ ಮಾತಿನ ಮಲ್ಲ. ದಾರಿಯುದ್ದಕ್ಕೂ ಅವನದೊಂದು ಆಟ. ಎದುರಿಗೆ ಬರುವುದೇನೆಂದು ಮೊದಲು ಹೇಳಿದವರು ಗೆದ್ದಂತೆ. "ಬಸ್ಸು!" "ಎರಡು ಹಸು, ಬಲಕ್ಕೆ!" "ಸೈಕಲ್ಲು!" ಆರು ತಿಂಗಳಿಂದ ಗೆಲ್ಲುತ್ತಿದ್ದವರು ಟೀಚರಮ್ಮನೇ. "ನಿಮ್ಮದು ಹದ್ದಿನ ಕಣ್ಣು ಬಿಡಿ, ನಾನು ಸೋತೆ" ಎಂದು ಅವನು ನಕ್ಕಾಗಲೆಲ್ಲ ಅವರು ಪೂರಿಯಂತೆ ಉಬ್ಬುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ?

ಅವತ್ತು ಹಳ್ಳಿಯ ಗೋದಾಮಿನ ಜಗಲಿಯಲ್ಲಿ ಕಣ್ಣಿನ ಪರೀಕ್ಷೆ. ಓದು ಬಾರದವರಿಗೆಂದೇ ಮಾಡಿದ ಚಾರ್ಟು ಒಂದಿತ್ತು. ಅದರ ತುಂಬ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಹಲ್ಲು ಯಾವ ಕಡೆಗಿದೆಯೋ ಆ ಕಡೆ ಕೈ ತೋರಿಸಿದರಾಯಿತು. ಬೆಳಿಗ್ಗೆ ಟೀಚರಮ್ಮನ ಕೈತಪ್ಪಿ ಅದರ ಮೇಲೆ ಚಹಾ ಚೆಲ್ಲಿತ್ತು. ಹಿಂಬದಿಯಲ್ಲೂ ಬೇರೆ ಕ್ರಮದ ಚಾರ್ಟು ಅಚ್ಚಾಗಿದ್ದರಿಂದ, ಯಾರಿಗೂ ಹೇಳದೆ ಅದನ್ನೇ ತಿರುಗಿಸಿ ತೂಗುಹಾಕಿದ್ದರು.

ಸಾಲಿನಲ್ಲಿ ಮೊದಲಿದ್ದ ಅಜ್ಜಿ ಹಿಂದೇಟು ಹಾಕಿದಳು. "ನಂಗೆ ಅಕ್ಷರ ಬರಲ್ಲ ತಾಯಿ."

"ಇದೇನು ಬ್ರಹ್ಮವಿದ್ಯೆನಾ ಅಜ್ಜಿ? ನನ್ನ ನೋಡು" ಎಂದು ಡ್ರೈವರ್ ಎಂದಿನಂತೆ ಮುಂದೆ ಬಂದು ಗೆರೆಯ ಮೇಲೆ ನಿಂತ. ಒಂದು ಕಣ್ಣು ಮುಚ್ಚಿಕೊಂಡ. ಟೀಚರಮ್ಮ ಕೋಲಿನಿಂದ ಒಂದೊಂದೇ ಗುರುತನ್ನು ತೋರಿಸುತ್ತ ಹೋದಂತೆ ಅವನ ಕೈ ಸರಸರನೆ ಓಡಿತು. ಬಲಕ್ಕೆ, ಮೇಲೆ, ಎಡಕ್ಕೆ, ಕೆಳಗೆ, ಕೆಳಗೆ, ಬಲಕ್ಕೆ. ಜನ ಚಪ್ಪಾಳೆ ತಟ್ಟಿದರು.

ಮೇಲಿನ ದೊಡ್ಡ ಗುರುತೊಂದನ್ನು ಬಿಟ್ಟರೆ ಬಹುತೇಕ ಎಲ್ಲವೂ ತಪ್ಪು.

ಟೀಚರಮ್ಮ ತಾವೇ ತಪ್ಪಿದೆವೇನೋ ಎಂದು ಚಾರ್ಟನ್ನು ಇನ್ನೊಮ್ಮೆ ನೋಡಿದರು. ಇಲ್ಲ. ಪುಸ್ತಕ ತಲೆಕೆಳಗಾಗಿ ಹಿಡಿದು ಗಿಣಿಪಾಠ ಒಪ್ಪಿಸುವ ಹುಡುಗರನ್ನು ಜೀವಮಾನವಿಡೀ ಹಿಡಿದವರು ಅವರು. ಈ ಮನುಷ್ಯ ಒಪ್ಪಿಸಿದ್ದು ಚಹಾ ಚೆಲ್ಲಿದ ಆ ಇನ್ನೊಂದು ಬದಿಯ ಪಾಠ! ಬಸ್ಸು, ಹಸು, ಸೈಕಲ್ಲು ಎಲ್ಲ ಒಟ್ಟಿಗೇ ನೆನಪಾಗಿ ಕೈಯಲ್ಲಿದ್ದ ಕೋಲು ಕೆಳಗೆ ಬಿತ್ತು.

ಊಟದ ಹೊತ್ತಿಗೆ ಅವನನ್ನು ಗೋದಾಮಿನ ಹಿಂದಕ್ಕೆ ಕರೆದೊಯ್ದು, ಹದಿನೈದು ಹೆಜ್ಜೆ ದೂರ ನಿಲ್ಲಿಸಿದರು. "ಎಷ್ಟು ಬೆರಳು ಹೇಳು."

"ಮೂರು" ಎಂದ, ನಗುತ್ತ.

ಅವರು ಕೈಯನ್ನೇ ಎತ್ತಿರಲಿಲ್ಲ.

ಅವರ ಮೌನದಿಂದಲೇ ಅವನಿಗೆ ಗೊತ್ತಾಗಿಹೋಯಿತು. "ಎರಡು ಕಣ್ಣಿಗೂ ಪೊರೆ ಬಂದಿದೆ ಟೀಚರಮ್ಮ. ಕಣ್ಣು ಕಾಣದ ಡ್ರೈವರ್ ಅಂತ ಒಂದ್ಸಲ ಹೆಸರು ಬಂದ್ರೆ ಆಮೇಲೆ ಆಪರೇಷನ್ ಆದ್ರೂ ಯಾರೂ ಸ್ಟೀರಿಂಗ್ ಕೊಡಲ್ಲ. ಈ ದಾರಿ ನಂಗೆ ಅಂಗೈ ಇದ್ದಂಗೆ. ನೀವು ಮುಂದೆ ಕೂತ್ರೆ ಸಾಕು, ನಂಗೆ ಎಲ್ಲಾ ಕಾಣುತ್ತೆ."

ಊರಿಗೆಲ್ಲ ಕನ್ನಡಕ ಹಂಚುವ ವ್ಯಾನು! ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಟೀಚರಮ್ಮ ಉಸಿರು ಕಟ್ಟಿಕೊಂಡು ನರ್ಸಮ್ಮನ ಬಳಿ ಓಡಿದರು. ಅವಳು ಹತ್ತಿ ಉಂಡೆ ಮಾಡುತ್ತ ಕೂತಿದ್ದಳು. ಎಲ್ಲ ಕೇಳಿಯೂ ತಲೆ ಎತ್ತಲಿಲ್ಲ.

"ಎರಡು ವರ್ಷ ಆ ಸೀಟಲ್ಲಿ ನಾನೇ ಕೂತಿದ್ದೆ" ಎಂದಳು ಮೆಲ್ಲಗೆ. "ಒಂದು ದಿನವೂ ಕಣ್ಣು ಮುಚ್ಚಲಿಲ್ಲ. ಅವನು ಹೋದ್ರೆ ಈ ಸಂಬಳಕ್ಕೆ ಇನ್ಯಾರು ಬರ್ತಾರೆ, ವ್ಯಾನೇ ನಿಂತುಹೋಗುತ್ತೆ ಅಂತ ಸುಮ್ನಿದ್ದೆ. ಆಮೇಲೆ ಸುಸ್ತಾಯ್ತು ಟೀಚರಮ್ಮ."

"ಗಾಳಿ ಚೆನ್ನಾಗಿ ಬರುತ್ತೆ ಅಂದ್ರಲ್ರೀ ನನಗೆ!"

"ಗಾಳಿನೂ ಬರುತ್ತೆ" ಎಂದಳು ನರ್ಸಮ್ಮ.

ಆರು ತಿಂಗಳಲ್ಲಿ ಒಂದೇ ಒಂದು ದಿನ ತಮಗೆ ಜೋಂಪು ಹತ್ತಿದ್ದರೆ? ಟೀಚರಮ್ಮ ನೆಟ್ಟಗೆ ವ್ಯಾನಿನ ಜತೆ ಬಂದಿದ್ದ ಡಾಕ್ಟರ ಬಳಿ ಹೋಗಿ ಎಲ್ಲವನ್ನೂ ಹೇಳಿಬಿಟ್ಟರು. ಮೀಸೆ ಈಗಷ್ಟೇ ದಟ್ಟವಾಗುತ್ತಿದ್ದ ಆ ಡಾಕ್ಟರ ಮುಖ ಸುಣ್ಣದಂತಾಯಿತು. ಕೀಲಿ ಕೊಡು ಎಂದು ಡ್ರೈವರನ ಮುಂದೆ ಕೈ ಚಾಚಿದರು. ಡ್ರೈವರ್ ಕೀಲಿಯನ್ನು ಅವರ ಕೈಗಿಡುವ ಬದಲು ಪಕ್ಕದ ಗಾಳಿಗೆ ನೀಡಿದ. ಡಾಕ್ಟರೇ ಕೈ ಸರಿಸಿ ತೆಗೆದುಕೊಂಡರು.

ಸಣ್ಣ ಕಾರು ಬಿಟ್ಟು ಬೇರೇನೂ ಓಡಿಸಿ ಗೊತ್ತಿಲ್ಲದ ಡಾಕ್ಟರು ಸಂಜೆ ವ್ಯಾನು ಹೊರಡಿಸಿದರು. ದಾರಿ ಹೇಳಲು ಡ್ರೈವರ್ ಮುಂದಿನ ಸೀಟಿನಲ್ಲಿ ಕೂತ. ಹಿಂದೆ ನರ್ಸಮ್ಮನೂ ಟೀಚರಮ್ಮನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಈಗ ಎಡಕ್ಕೊಂದು ತಿರುವು. ಬಲಗಡೆ ಗುಂಡಿ. ಇಲ್ಲಿ ಎರಡನೇ ಗೇರ್ ಹಾಕಿ." ಒಂದೂ ತಪ್ಪಲಿಲ್ಲ. ಗುಂಡಿ ಹೇಳಿದ ಕಡೆ ಗುಂಡಿ, ಸೇತುವೆ ಹೇಳಿದ ಕಡೆ ಸೇತುವೆ. ಅವನ ಅನ್ನಕ್ಕೆ ಕಲ್ಲು ಹಾಕಿಬಿಟ್ಟೆನೇ ಎಂದು ಟೀಚರಮ್ಮನಿಗೆ ಅನಿಸತೊಡಗಿತು. ಇಳಿಯುವಾಗ ಕ್ಷಮೆ ಕೇಳಬೇಕು ಎಂದುಕೊಂಡರು.

ಸೇತುವೆ ದಾಟಿ ತಿರುಗಿದಾಗ ಇಳಿಬಿಸಿಲು ನೇರ ಗಾಜಿಗೆ ಬಡಿಯಿತು. "ಇನ್ನು ನೆಟ್ಟಗೆ ಹೊಡೀರಿ" ಎಂದ ಡ್ರೈವರ್.

ಡಾಕ್ಟರು ಗಕ್ಕನೆ ಬ್ರೇಕ್ ಒತ್ತಿದರು. ಔಷಧಿ ಪೆಟ್ಟಿಗೆ ಉರುಳಿತು. ನರ್ಸಮ್ಮ ಕಿಟಾರನೆ ಕಿರುಚಿದಳು.

ಡ್ರೈವರ್ ಗಾಜಿನತ್ತ ಬಾಗಿ, ಕಣ್ಣು ಕಿರಿದು ಮಾಡಿ ನೋಡಿದ. "ರಸ್ತೆ ಖಾಲಿ ಇದೆಯಲ್ಲ ಡಾಕ್ಟ್ರೇ. ಯಾಕೆ ನಿಲ್ಲಿಸಿದ್ರಿ?"

ಮಾತ್ರೆ ಪೊಟ್ಟಣ ಹಿಡಿದು ಮನೆಗೆ ನಡೆದಿದ್ದ ಇಪ್ಪತ್ತು ಮೂವತ್ತು ಜನ ರಸ್ತೆಯ ತುಂಬ ಇದ್ದರು. ಎಲ್ಲರಿಗಿಂತ ಹತ್ತಿರ, ಹೊಸ ಕನ್ನಡಕ ಹಾಕಿಕೊಂಡಿದ್ದ ಆ ಅಜ್ಜಿ ಅವನ ಗುರುತು ಹಿಡಿದು, ನಗುತ್ತ ಕೈ ಬೀಸುತ್ತಿದ್ದಳು.