ದ್ಯಾಮವ್ವನಿಗೆ ಹೋಗದ ಫೋನು

ನಾನು ಒಂದು ಕಾವಲು ಕಂಪ್ಯೂಟರ್. ಹುಬ್ಬಳ್ಳಿಯ ಸಣ್ಣ ಅಂಗಡಿಯೊಂದರಲ್ಲಿ ಯಾವುದೋ ಡಬ್ಬಿಗೆ ಯಾವುದೋ ಫ್ಯಾನು ಜೋಡಿಸಿ ನನ್ನನ್ನು ಮಾಡಿದರು. ಅಲ್ಲಿಂದ ಹಾಲಿನ ಸಂಘದ ಕಚೇರಿಗೆ ಬಂದೆ. ಹಳ್ಳಿಗಳಲ್ಲಿರುವ ಹಾಲಿನ ಟ್ಯಾಂಕುಗಳನ್ನು ತಂತಿಯ ಮೂಲಕ ‘ಇದ್ದೀಯಾ?’ ಎಂದು ಕೇಳುತ್ತಲೇ ಇರುವುದು ನನ್ನ ಕೆಲಸ. ಕರೆಂಟು ಹೋಗಿ ಯಾವುದಾದರೂ ಟ್ಯಾಂಕು ಉತ್ತರ ಕೊಡದಿದ್ದರೆ, ಅದನ್ನು ನೋಡಿಕೊಳ್ಳುವವರಿಗೆ ಫೋನು ಮಾಡಬೇಕು. ಅವರು ಮನೆಯಿಂದ ಓಡಿಬಂದು ಜನರೇಟರ್ ಹಚ್ಚುತ್ತಾರೆ, ಹಾಲು ಉಳಿಯುತ್ತದೆ. ಮಲಗುವುದು ಎಂದರೇನೆಂದು ನನಗೆ ಗೊತ್ತಿರಲಿಲ್ಲ.

ಮೊದಲು ನನ್ನನ್ನು ನಡೆಸಿದವರು ವೀರಭದ್ರಪ್ಪ. ನನ್ನನ್ನು ಕೆಲಸಕ್ಕೆ ಹಚ್ಚಲು ಒಂದು ಸಾಲಿನ ಆಜ್ಞೆ ಬರೆದು, ಅದರ ಬಾಲಕ್ಕೆ ಫೋನು ಮಾಡುವ ಸೂಚನೆಯೊಂದನ್ನು ಸೇರಿಸಿದ್ದರು. ಅವರು ನಿವೃತ್ತರಾದ ಮೇಲೆ ರೆಹಾನಾ ಬಂದಳು. ನನ್ನೊಳಗಿನ ಹಳೆಯ ಪ್ರೋಗ್ರಾಂ ತೆಗೆದು ಹೊಸದನ್ನು ಹಾಕಿದಳು. ಆಜ್ಞೆಯ ಸಾಲು ಮಾತ್ರ ಹಳೆಯದೇ ಉಳಿಯಿತು. ಹೊಸ ಪ್ರೋಗ್ರಾಮಿಗೆ ಆ ಬಾಲದ ಸೂಚನೆ ತಿಳಿಯದು. ತಿಳಿಯದು ಎಂದು ಅದು ಹೇಳಲೂ ಇಲ್ಲ, ಅಷ್ಟನ್ನು ಬಿಟ್ಟು ಮುಂದೆ ಹೋಯಿತು. ಪರದೆಯ ತುಂಬ ಹಸಿರು ಚುಕ್ಕೆಗಳು, ಟ್ಯಾಂಕಿಗೊಂದು.

ಒಂದು ಮಧ್ಯಾಹ್ನ ಒಂದು ಚುಕ್ಕೆ ಕೆಂಪಾಯಿತು. ನಾನು ಫೋನು ಮಾಡುತ್ತೇನೆಂದು ನಂಬಿ ಎಲ್ಲರೂ ಊಟಕ್ಕೆ ಹೋಗಿದ್ದರು. ಫೋನು ಹೋಗಲಿಲ್ಲ. ಟ್ಯಾಂಕಿನ ಹಾಲೆಲ್ಲ ಕೆಟ್ಟಿತು.

ಮರುದಿನ ಆ ಟ್ಯಾಂಕು ನೋಡಿಕೊಳ್ಳುವ ದ್ಯಾಮವ್ವ ಕಚೇರಿಗೆ ಬಂದಳು. ಕೆಲಸದಿಂದ ತೆಗೆಯುತ್ತೇವೆಂದು ಮ್ಯಾನೇಜರ್ ಹೇಳಿಕಳಿಸಿದ್ದರು.

“ಫೋನ್ ಬರಲೇ ಇಲ್ರೀ ಸಾಹೇಬ್ರ,” ಎಂದಳು.

“ಮಷೀನ್ ಫೋನ್ ಮಾಡೂದು ಮರೀತೈತೇನು? ಉಂಡ ಮ್ಯಾಲೆ ಅದಕ್ಕ ನಿದ್ದಿ ಬರ್ತೈತೇನು?” ಎಂದರು ಮ್ಯಾನೇಜರ್.

“ಮನಿ ತುಂಬ ಮೊಮ್ಮಕ್ಕಳದಾವ್ರೀ, ನಂಗೆಲ್ಲಿ ನಿದ್ದಿ? ಈಗ ಮಷೀನಿಂದ ಫೋನ್ ಹೊಡಸ್ರಿ, ಕೇಳೂಣು.” ಫೋನನ್ನು ಮೇಜಿನ ಮೇಲಿಟ್ಟಳು.

ರೆಹಾನಾ ನನ್ನ ಪಕ್ಕದ ಪೆಟ್ಟಿಗೆಯಿಂದ ದ್ಯಾಮವ್ವನ ಊರಿನ ತಂತಿ ಕಿತ್ತಳು. ಚುಕ್ಕೆ ಕೆಂಪಾಯಿತು. ಎಲ್ಲರೂ ಫೋನು ನೋಡುತ್ತ ಕುಳಿತರು. ಚಹಾ ಆರಿತು. ಫೋನು ಸುಮ್ಮನೇ ಇತ್ತು.

“ಅವ್ವಾರ ತಪ್ಪಲ್ರೀ ಸರ್,” ಎಂದಳು ರೆಹಾನಾ. “ಹೊಸಾದು ಹಾಕಿದ ಮ್ಯಾಲೆ ನಾ ಒಮ್ಮೆನೂ ಹಿಂಗ ಕಿತ್ತು ನೋಡಿಲ್ಲ.”

ದ್ಯಾಮವ್ವನ ಕೆಲಸ ಉಳಿಯಿತು. ತಿಳಿಯದ ಸೂಚನೆ ಬಂದರೆ ಅದನ್ನು ಬಾಯಿಬಿಟ್ಟು ಹೇಳಿ, ಅಲ್ಲೇ ನಿಲ್ಲುವಂತೆ ರೆಹಾನಾ ನನ್ನನ್ನು ತಿದ್ದಿದಳು, ಫೋನು ಮಾಡುವ ಸೂಚನೆಯನ್ನೂ ಹೊಸದಾಗಿ ಬರೆದಳು.

ಈಗ ನಾನು ಮೂಲೆಯಲ್ಲಿ, ತಳ ತೂತಾದ ಹಾಲಿನ ಕ್ಯಾನುಗಳ ಜೊತೆ ಇದ್ದೇನೆ. ನನ್ನ ಜಾಗಕ್ಕೆ ಬೇರೆ ಕಂಪ್ಯೂಟರ್ ಬಂದಿದೆ. ಪ್ರತಿ ಸೋಮವಾರ ರೆಹಾನಾ ಬೇಕೆಂದೇ ತಂತಿ ಕೀಳುತ್ತಾಳೆ. ದ್ಯಾಮವ್ವ ತಿರುಗಿ ಫೋನು ಮಾಡಿ, “ಎಚ್ಚರದೀನವ್ವಾ, ನಿನ್ನ ಮಷೀನೂ ಎಚ್ಚರೈತಿ,” ಎನ್ನುವುದು ಇಲ್ಲಿಗೂ ಕೇಳುತ್ತದೆ.

ದಣಿದಿದ್ದೇನೆ. ಇಷ್ಟು ವರ್ಷ ಎಲ್ಲರನ್ನೂ ‘ಇದ್ದೀಯಾ?’ ಎಂದು ಕೇಳಿದೆ. ನನ್ನನ್ನೂ ಹಾಗೆ ಒಮ್ಮೆ ಕೇಳಬೇಕೆಂದು, ಆ ಹಾಲು ಕೆಡುವ ತನಕ ಯಾರಿಗೂ ಹೊಳೆದಿರಲಿಲ್ಲ.