ಹಿಮದ ಇಳಿಜಾರಿನಲ್ಲಿ ತಿಪ್ಪಮ್ಮ

ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಸೌಭಾಗ್ಯ ಒಂದು ಸಾಲು ಮಿಷನ್ನುಗಳ ಉಸ್ತುವಾರಿ ಹೊತ್ತು ಲೈನ್ ಇನ್‌ಚಾರ್ಜ್ ಆದ ವರ್ಷ, ಸಂಕ್ರಾಂತಿಯ ರಜೆಗೆ ಮನಾಲಿಗೆ ಹೋಗುವುದೆಂದು ಗಂಡ ಹೆಂಡತಿ ನಿಶ್ಚಯಿಸಿದರು. ಮದುವೆಯಾಗಿ ಇಷ್ಟು ವರ್ಷವಾದರೂ ಇಬ್ಬರೇ ಎಲ್ಲಿಗೂ ಹೋದವರಲ್ಲ. ಮೊಬೈಲಿನಲ್ಲಿ ಸ್ಕೀ ಆಡುವವರನ್ನು ನೋಡಿ ನೋಡಿ ಸೌಭಾಗ್ಯಳಿಗೆ ಅದರದೇ ಹುಚ್ಚು ಹಿಡಿದಿತ್ತು. ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು, ಎರಡು ಕೋಲು ಊರಿಕೊಂಡು, ಬೆಳ್ಳನೆಯ ಬೆಟ್ಟದಿಂದ ನೀರು ಹರಿದಂತೆ ಇಳಿದು ಬರುವ ಆಟ ಅದು.

ಟಿಕೆಟ್ ಮಾಡಿಸುವ ಹೊತ್ತಿಗೆ ಗಂಡ ರಂಗನಾಥ್ ಮೆಲ್ಲಗೆ, "ಅವ್ವನ್ನೂ ಕರಕೊಂಡು ಹೋಗೋಣೇನು?" ಎಂದ.

ಸೌಭಾಗ್ಯ ಬೇಡವೆನ್ನಲಿಲ್ಲ. ಅನ್ನುವಂತೆಯೂ ಇರಲಿಲ್ಲ. ಹತ್ತಿರದ ಡಿ. ಹಿರೇಹಾಳಿನ ಹೊಲಗಳಲ್ಲಿ ಕೂಲಿ ಮಾಡಿ ಮಗನನ್ನು ಬೆಳೆಸಿದ ಅತ್ತೆ ತಿಪ್ಪಮ್ಮನೇ ಅವಳನ್ನು ಮೊದಲು ಗಾರ್ಮೆಂಟಿಗೆ ಕಳಿಸಿದವಳು. ಸೊಸೆ ಹೊರಗೆ ದುಡಿಯುವುದೇ ಎಂದು ಓಣಿಯವರು ಆಡಿಕೊಂಡಾಗ, "ಹೊಲದಾಗ ಬಗ್ಗಿ ದುಡಿದ್ರ ನೆಟ್ಟಗ, ಮಿಷನ್ ಮುಂದ ಕುಂತು ದುಡಿದ್ರ ಸೊಟ್ಟಗೇನು?" ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದ್ದಳು. ಅದೆಲ್ಲ ನೆನಪಿದ್ದೂ ಸೌಭಾಗ್ಯಳ ಮುಖ ಸಣ್ಣಗಾಯಿತು. ಆ ಚಳಿಯಲ್ಲಿ ಅತ್ತೆಯ ಮಂಡಿನೋವು ನೋಡಿಕೊಳ್ಳುವುದೇ ಕೆಲಸವಾದೀತು ಎಂದುಕೊಂಡಳು.

ಮನಾಲಿಯ ಮೇಲಿನ ಇಳಿಜಾರಿಗೆ ಹೋದ ದಿನ ಬಿಸಿಲು ಚೆನ್ನಾಗಿತ್ತು. ಬಾಡಿಗೆಗೆ ಕೊಡುವ ದಪ್ಪ ಅಂಗಿ-ಪ್ಯಾಂಟನ್ನು ತಿಪ್ಪಮ್ಮ ಸೀರೆಯ ಮೇಲೆಯೇ ಹಾಕಿಕೊಂಡಳು. ಒಳಗೆ ಸೀರೆ ಗಂಟಾಗಿ ಹೊಟ್ಟೆ ಮುಂದೆ ಬಂದಿತ್ತು. ಅವಳನ್ನು ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರ್ರಿ ಅತ್ತಿ, ಬೇಗ ಬರ್ತೀವಿ" ಎಂದು ಹೇಳಿ ಇಬ್ಬರೂ ಸ್ಕೀ ಕಟ್ಟಿಸಿಕೊಂಡರು.

ರಂಗನಾಥ್ ಬಿದ್ದ, ನಕ್ಕ, ಮತ್ತೆ ಬಿದ್ದ, ಸಾಕೆಂದು ಬಿಚ್ಚಿಕೊಟ್ಟ. ಸೌಭಾಗ್ಯ ಬಿಡಲಿಲ್ಲ. ಎದ್ದು ನಿಂತರೆ ಎರಡು ಪಟ್ಟಿಗಳೂ ಕತ್ತರಿಯಂತೆ ಅಡ್ಡಹಾಯುತ್ತಿದ್ದವು. ಕಲಿಸುವ ಹುಡುಗ ಪಾಪ, ಕೈ ಹಿಡಿದು ನಡೆಸಿ ನೋಡಿದ. ಕೊನೆಗೆ, ಇದು ಒಂದು ಬೆಳಗಿನಲ್ಲಿ ಬರುವ ವಿದ್ಯೆಯಲ್ಲ ದೀದಿ, ಎಂದುಬಿಟ್ಟ. ಅವಳು ಹಿಮದಲ್ಲೇ ಕುಸಿದು ಕುಳಿತಳು. ಕೈಗವಸಿನಿಂದ ಕಣ್ಣೊರೆಸಿಕೊಂಡಳು.

ಆಗಲೇ ಮೇಲಿನಿಂದ ಯಾರೋ ಕೂಗಿದ್ದು ಕೇಳಿಸಿತು. ತಿರುಗಿ ನೋಡಿದರೆ, ಮರದ ಪಟ್ಟಿಗಳ ಪುಟ್ಟ ಜಾರುಬಂಡಿಯೊಂದರ ಮೇಲೆ ಎರಡೂ ಕಾಲು ಚಾಚಿಕೊಂಡು, ಹಗ್ಗವನ್ನು ಎತ್ತಿನ ಹಗ್ಗದಂತೆ ಬಿಗಿಹಿಡಿದು ತಿಪ್ಪಮ್ಮ ಬರುತ್ತಿದ್ದಳು. ಒಬ್ಬಳೇ. ಸೌಭಾಗ್ಯಳ ಪಕ್ಕದಿಂದಲೇ ಸರ್ರನೆ ಹಾದು, ಕೆಳಗೆ ಹೋಗಿ ಬಂಡಿ ಮಗುಚಿ ಹಿಮದಲ್ಲಿ ಹೂತುಹೋದಳು.

"ಅತ್ತಿ!" ಎಂದು ಸೌಭಾಗ್ಯ ಚೀರಿದಳು. ಸ್ಕೀ ಕಿತ್ತೆಸೆದು, ಬೀಳುತ್ತ ಏಳುತ್ತ ಓಡಿದಳು. ತಿಪ್ಪಮ್ಮ ಆಗಲೇ ಎದ್ದು ಕುಳಿತು ಕಿವಿಯಿಂದ ಹಿಮ ತೆಗೆಯುತ್ತಿದ್ದಳು.

"ಪೆಟ್ಟಾತೇನ್ರಿ ಅತ್ತಿ?"

"ಏನೂ ಆಗಿಲ್ಲ. ಸುಮ್ನ ಎಷ್ಟೊತ್ತು ಕುಂದ್ರಲಿ? ಆ ಬಂಡಿ ಯಜಮಾನಗ ಕೈಸನ್ನಿ ಮಾಡಿ ಕೇಳಿದೆ. ಹಿಮ್ಮಡಿ ಊರಿದ್ರ ಬಂಡಿ ತಿರುಗತೈತಿ ನೋಡು. ನಾ ಮರತೆ, ಅದಕ್ಕ ಮಗುಚಿತು." ತಿಪ್ಪಮ್ಮ ಸೊಸೆಯ ಕೆಂಪಾದ ಕಣ್ಣು ನೋಡಿದಳು. "ಯಾಕ, ಆ ಕೋಲಿನ ಆಟ ಬರಲಿಲ್ಲೇನು?"

"ಇಲ್ರಿ."

"ಬರದಿದ್ರ ಹೋಗ್ಲಿ ಬಿಡು. ಮ್ಯಾಲಿಂದ ಕೆಳಗ ಬರೂದು ತಾನೇ? ಕುಂತು ಬರೋಣ ಬಾ."

ಬಂಡಿಯವನು ಹಗ್ಗ ಹಿಡಿಯಲು ಬಂದರೂ ತಿಪ್ಪಮ್ಮ ಕೊಡಲಿಲ್ಲ. ತಾನೇ ಎಳೆದುಕೊಂಡು, ನಡುನಡುವೆ ಮಂಡಿ ನೀವಿಕೊಳ್ಳುತ್ತ ಹತ್ತಿದಳು. ಮೇಲೆ ಸೊಸೆಯನ್ನು ಮುಂದೆ ಕೂರಿಸಿ, ಹಿಂದಿನಿಂದ ಅವಳ ಸೊಂಟ ಬಳಸಿ ಹಿಡಿದಳು. "ಕಣ್ಣು ಮುಚ್ಚಬ್ಯಾಡ" ಎಂದಳು.

ಬಂಡಿ ಹೊರಟಿತು. ಗಾಳಿ ಮುಖಕ್ಕೆ ಹೊಡೆಯಿತು, ಹಿಮದ ಪುಡಿ ಹಲ್ಲಿನವರೆಗೂ ಬಂತು. ನಡುವೆ ಎದುರಾದ ತಗ್ಗಿನಲ್ಲಿ ಸೌಭಾಗ್ಯ ಎಡಗಾಲಿನ ಹಿಮ್ಮಡಿ ಊರಿದಳು. ಬಂಡಿ ಅವಳ ಮಾತು ಕೇಳಿ ತಿರುಗಿತು. ಹೊಟ್ಟೆಯೊಳಗಿನಿಂದ ಎದ್ದ ನಗು ತನ್ನದೋ ಅತ್ತೆಯದೋ ತಿಳಿಯಲಿಲ್ಲ. ಮಗುಚದೆ, ಬೀಳದೆ, ಚಹಾದಂಗಡಿಯ ಮುಂದೆಯೇ ಬಂದು ನಿಂತಾಗ ಅಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಗುಂಪಿನಲ್ಲಿದ್ದ ಹೆಂಗಸೊಬ್ಬಳು ಕನ್ನಡದಲ್ಲೇ ಕೇಳಿದಳು, "ಯಾವೂರಮ್ಮ ನಿಮ್ದು?"

"ರಾಯದುರ್ಗ ರೀ" ಎಂದಳು ತಿಪ್ಪಮ್ಮ.

"ಅದು ಆಂಧ್ರ ಅಲ್ವಾ? ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರ."

"ಮನ್ಯಾಗ ಕನ್ನಡ, ಸರ್ಕಾರಿ ಆಫೀಸಿನಾಗ ತೆಲುಗು. ಎರಡೂ ನಮ್ಮವ ರೀ" ಎಂದ ತಿಪ್ಪಮ್ಮ, ಸೊಸೆಯ ಹೆಗಲ ಮೇಲೆ ಕೈ ಇಟ್ಟಳು. "ಇಕಿ ನನ್ನ ಸೊಸಿ. ಜೀನ್ಸ್ ಹೊಲಿಯೋ ಯೂನಿಟ್ಟಿನಾಗ ಒಂದು ಲೈನಿಗೆ ಲೈನೇ ಇಕಿ ಹೇಳಿದಂಗ ನಡೀತೈತಿ. ನಮ್ಮನ್ನ ಇಲ್ಲಿಗೆ ಕರಕೊಂಡು ಬಂದಾಕೀನೂ ಇಕೀನ."

ಊರಿನಲ್ಲಿ ಎಂದೂ ಎದುರಿಗೆ ಹೊಗಳದ ಅತ್ತೆ ಇಲ್ಲಿ, ಗುರುತಿಲ್ಲದವರ ಮುಂದೆ, ಕತ್ತೆತ್ತಿ ಹೇಳುತ್ತಿದ್ದಳು. ಸೌಭಾಗ್ಯ ಅತ್ತೆಯ ಅಂಗಿಗೆ ಅಂಟಿದ ಹಿಮ ಕೊಡವಿದಳು.

"ನನ್ನನ್ನ ಮಿಷನ್ ಮುಂದ ಕುಂದ್ರಿಸಿದೋರು ಇವರ ರೀ" ಎಂದಳು. "ಬಂಡಿ ಮ್ಯಾಲ ಕುಂದ್ರಿಸಿದೋರೂ ಇವರ."

ಫೋನ್ ಹಿಡಿದು ನಿಂತಿದ್ದ ರಂಗನಾಥ್, "ನಾನೂ ಒಂದ್ಸಲ ಬರ್ತೀನಿ" ಎಂದು ಹತ್ತಿರ ಬಂದ.

"ಜಾಗ ಇಲ್ಲಪಾ" ಎಂದಳು ತಿಪ್ಪಮ್ಮ.

ಸೌಭಾಗ್ಯ ಆಗಲೇ ಹಗ್ಗವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಒಂದು ಕೈಯನ್ನು ಅತ್ತೆಗೆ ಆಸರೆಯಾಗಿ ಕೊಟ್ಟು ಇಳಿಜಾರು ಹತ್ತತೊಡಗಿದಳು.