ವಾರ್ಸೊನ ತೂಕ

"ಮೊದ್ಲು ನನ್ನ ಎತ್ತು. ಆಮೇಲೆ ಚೀಲ ಎತ್ತು. ಯಾವ್ದು ಭಾರ ಹೇಳು," ಎಂದ ವಾರ್ಸೊ.

ಬಾಲಿಯ ಪಾದಂಗ್‌ಬಾಯಿ ಬಂದರಿನ ಪಕ್ಕದ ಮರಳಿನಲ್ಲಿ ಜರೋತ್ ಗೆಳೆಯನ ಕಂಕುಳಿಗೆ ಕೈ ಕೊಟ್ಟು ಎತ್ತಿದ. ವಾರ್ಸೊನ ಚಪ್ಪಲಿ ಮರಳಲ್ಲೇ ಉಳಿದವು. ಅವನನ್ನು ಇಳಿಸಿ, ಮರಳು ತುಂಬಿದ ಸಿಮೆಂಟ್ ಚೀಲವನ್ನು ತಬ್ಬಿ ಎತ್ತಿದ.

"ಚೀಲಾನೇ ವಾಸಿ. ಬಾಯಿಲ್ಲ."

"ಭಾರ ಕೇಳ್ದೆ ಕಣೋ, ಗುಣ ಅಲ್ಲ."

"ನೀನೇ ಭಾರ. ಊರೂರಲ್ಲಿ ಅನ್ನ ತಿಂದ್ಕೊಂಡ್ ಬಂದಿದೀಯಲ್ಲ."

ವಾರ್ಸೊ ಇನ್ನಷ್ಟು ಮರಳನ್ನು ಬೊಗಸೆಯಲ್ಲಿ ತುಂಬಿ ಚೀಲದ ಬಾಯಿ ಕಟ್ಟಿದ.

ತಮ್ಮೂರು ಕೆಡಿರಿಯಿಂದ ಹೊರಡುವ ಮುನ್ನ ಇಬ್ಬರೂ ಸೇರಿ ಹಳೇ ಮಂಚದ ಕಬ್ಬಿಣ ಬೆಸೆದು, ಜರೋತ್‌ನ ಸ್ಕೂಟರಿನ ಎಡಕ್ಕೆ ಒಂದು ಡಬ್ಬಿ, ಡಬ್ಬಿಗೊಂದು ಚಕ್ರ ಕೂಡಿಸಿದ್ದರು. ಡಬ್ಬಿಯಲ್ಲಿ ಆಳಿಲ್ಲದಿದ್ದರೆ ಎಡತಿರುವಿನಲ್ಲಿ ಆ ಚಕ್ರ ಮೇಲೆದ್ದು ಗಾಡಿ ಮಗುಚುತ್ತದೆ. ಆಳಿದ್ದರೂ ಸಾಲದು, ಅವನು ಹೊರಕ್ಕೆ ವಾಲಬೇಕು. ದಾರಿಯುದ್ದಕ್ಕೂ ಎಡತಿರುವು ಬಂದಾಗಲೆಲ್ಲ ಜರೋತ್ "ವಾಲೋ!" ಎಂದು ಕೂಗುತ್ತಿದ್ದ. ವಾರ್ಸೊ ತೊಡೆಯ ಮೇಲಿನ ಅನ್ನದ ಪೊಟ್ಟಣ ಬಿಡದೆ ವಾಲುತ್ತಿದ್ದ.

ಫ್ಲೋರೆಸ್ ದ್ವೀಪ ಮುಗಿಯುವ ಲಾರಾಂತುಕಾವರೆಗೂ ಹೋಗುವುದೆಂದು ಮಾತಾಗಿತ್ತು. ಬಾಲಿ ದಾಟುವ ಮೊದಲೇ ವಾರ್ಸೊನ ರಂಜಾನ್ ಹಬ್ಬದ ರಜೆ ಮುಗಿಯುತ್ತ ಬಂತು. ಹೆಂಚಿನ ಕಾರ್ಖಾನೆ ಸೋಮವಾರ ಬಾಗಿಲು ತೆರೆಯುತ್ತದೆ. ಅವನು ಇಲ್ಲಿಂದ ಬಸ್ಸು ಹಿಡಿದು ಹಿಂತಿರುಗುವವನು, ಡಬ್ಬಿಯಲ್ಲಿ ಅವನ ಜಾಗಕ್ಕೆ ಚೀಲ. ರಜೆ ಇದ್ದದ್ದು ವಾರ್ಸೊನಿಗೆ. ಜರೋತ್‌ಗೆ ಇದ್ದದ್ದು ರಜೆಯಲ್ಲ. ಉಪವಾಸದ ತಿಂಗಳಿಗೆ ಮುಂಚೆ ಅಲ್ಲಿ ದುಡಿಯುವ ಮುರ್ನಿ ಎಂಬಾಕೆ ಭಟ್ಟಿಯ ಮುರುಕು ಬಾಗಿಲಿಗೆ ಕೈ ಸುಟ್ಟುಕೊಂಡಿದ್ದಳು. ಮೇಸ್ತ್ರಿ ಅವಳನ್ನೇ ಬೈದಿದ್ದ. ಜರೋತ್ ಅವನ ಕಾಲರ್ ಹಿಡಿದಿದ್ದ. ಮಾರನೇ ದಿನದಿಂದ ಜರೋತ್‌ಗೆ ಕೆಲಸವಿಲ್ಲ.

ಹಡಗಿಗೆ ಗಾಡಿಗಳನ್ನು ಇನ್ನೂ ಬಿಟ್ಟಿರಲಿಲ್ಲ. ಇಬ್ಬರೂ ಕಾಫಿ ಅಂಗಡಿಯ ಬೆಂಚಿನ ಮೇಲೆ ಕೂತರು.

"ಒಂದ್ ಮಾತಿದೆ. ಬೈಬಾರ್ದು," ಎಂದ ವಾರ್ಸೊ.

"ಬೈಯೋ ಮಾತಾದ್ರೆ ಬೈತೀನಿ."

"ಹಬ್ಬದ ದಿನ ಮೇಸ್ತ್ರಿ ಮನೆಗೆ ಹೋಗಿದ್ದೆ."

"ಎಲ್ರೂ ಹೋಗ್ತಾರೆ. ಕೈ ಹಿಡ್ಕೊಂಡು, ವರ್ಷದ ತಪ್ಪೆಲ್ಲ ಕ್ಷಮಿಸಿ ಅಂತ ಹಲ್ಲು ಕಿರೀತಾರೆ. ಅವ್ನ ಹೆಂಡ್ತಿ ಮಾಡಿದ ಬಿಸ್ಕತ್ತು ತಿಂದು ಬರ್ತಾರೆ."

"ನಿನ್ ಪರವಾಗೂ ಕೇಳ್ದೆ."

ಜರೋತ್ ಲೋಟ ಕೆಳಗಿಟ್ಟ.

"ಏನಂತ?"

"ಜರೋತ್‌ಗೆ ನಾಚಿಕೆಯಾಗಿದೆ, ಅದಕ್ಕೇ ಬಂದಿಲ್ಲ ಅಂದೆ. ಸೋಮವಾರ ಜೊತೇಲಿ ಕರ್ಕೊಂಡ್ ಬಾ, ಕೆಲಸ ಕೊಡ್ತೀನಿ ಅಂದ್ರು."

"ನಾಚಿಕೆ? ನನಗೆ?"

"ಕೂಗ್ಬೇಡ್ವೋ."

"ಮುರ್ನಿ ಅಕ್ಕನ ಬೆರಳು ಇನ್ನೂ ಮಡಚಲ್ಲ. ಕ್ಷಮೆ ಕೇಳೋಕೆ ಅವಳ ಬಾಗ್ಲಿಗೆ ಹೋದ್ನಾ ಅವನು? ಹಬ್ಬ ಅವನಿಗೆ ಬರ್ಲಿಲ್ವಾ?"

ಅಂಗಡಿಯವಳು ಸೌಟು ಹಿಡಿದುಕೊಂಡೇ ಇತ್ತ ನೋಡಿದಳು. ವಾರ್ಸೊ ಲೋಟದ ತಳದ ಗಸಿಯನ್ನು ಅಲ್ಲಾಡಿಸಿದ.

"ಇದನ್ನ ಹೊಟ್ಟೇಲಿಟ್ಕೊಂಡು ಇಷ್ಟ್ ದೂರ ಡಬ್ಬೀಲಿ ಕೂತಿದ್ಯಾ?"

"ಮೊದಲ್ನೇ ದಿನ ಹೇಳಿದ್ರೆ ನೀನು ನನ್ನ ದಾರೀಲೇ ಇಳಿಸ್ತಿದ್ದೆ."

"ಇಳಿಸ್ತಿದ್ದೆ."

"ನೋಡ್ದಾ." ವಾರ್ಸೊ ನಗಲು ನೋಡಿದ, ಆಗಲಿಲ್ಲ. "ಗಾಡಿ ತಿರುಗಿಸೋ. ಲಾರಾಂತುಕಾ ಎಲ್ಲೂ ಓಡಿಹೋಗಲ್ಲ. ಕೆಲಸ ಓಡಿಹೋಗತ್ತೆ. ನಿಮ್ಮಮ್ಮ ದಿನಾ ನಿನ್ನ ಕೆಲ್ಸದ ಬಗ್ಗೆ ನನ್ನ ಕೇಳ್ತಾಳೆ."

ಹಡಗು ಕೂಗಿತು. ಜರೋತ್ ಎದ್ದು ಹೋಗಿ ಚೀಲವನ್ನು ಹೊತ್ತು ತಂದು ಡಬ್ಬಿಗೆ ಹಾಕಿದ. ವಾರ್ಸೊ ಹಿಂದೆಯೇ ಬಂದು ಹಗ್ಗ ಸುತ್ತಿ, ಗಂಟನ್ನು ಎರಡು ಸಲ ಜಗ್ಗಿ ನೋಡಿದ.

"ನಾನ್ ವಾಪಸ್ ಬರಲ್ಲ ಅಂತ ಗೊತ್ತಿತ್ತಲ್ವಾ ನಿನಗೆ?"

"ಗೊತ್ತಿದ್ದಕ್ಕೇ ಮೊದ್ಲು ಚೀಲ ತುಂಬಿದ್ದು."

ಆಮೇಲೆ ವಾರ್ಸೊ ಹಬ್ಬದ ದಿನದ ಹಾಗೆ ಎರಡೂ ಕೈ ಜೋಡಿಸಿ ಮುಂದೆ ಚಾಚಿದ. "ಮನಸ್ಸಿನ ಒಳಗೂ ಹೊರಗೂ ಏನ್ ತಪ್ಪಾಗಿದ್ರೂ ಕ್ಷಮಿಸ್ಬಿಡು."

ಜರೋತ್‌ನ ಕೈ ಹ್ಯಾಂಡಲ್ ಬಿಡಲಿಲ್ಲ. "ಹೋಗೋ, ಬಸ್ಸು ತಪ್ಪತ್ತೆ," ಎಂದು ಕಿಕ್ ಹೊಡೆದ.

ಮುಂದಿನ ದ್ವೀಪ ಲೊಂಬೊಕ್‌ನಲ್ಲಿ ಹಡಗಿನಿಂದ ಇಳಿದಾಗ ಬಿಸಿಲು ಓರೆಯಾಗಿತ್ತು. ಜರೋತ್ ಲಾರಿಗಳ ಹಿಂದೆ ಬಂದರಿನ ಗೇಟು ದಾಟಿದ. ಜೋಳ ಸುಡುವವರ ಸಾಲು ಮುಗಿಯುವಲ್ಲಿ ರಸ್ತೆ ಎಡಕ್ಕೆ ಹೊರಳಿತು.

"ವಾಲೋ!"

ಜೋಳ ಸುಡುತ್ತಿದ್ದ ಹೆಂಗಸಿನ ಬೀಸಣಿಗೆ ನಿಂತಿತು. ಚೀಲ ಇದ್ದಂತೆಯೇ ಇತ್ತು. ಎಡಗಡೆಯ ಚಕ್ರ ನೆಲ ಬಿಟ್ಟು ಎದ್ದು, ಗಾಳಿಯಲ್ಲಿ ತಿರುಗಿ, ದಡಕ್ಕನೆ ರಸ್ತೆಗೆ ಬಿತ್ತು. ಜರೋತ್ ಹಿಂದೆ ನೋಡಲಿಲ್ಲ.

ಗದ್ದೆಗಳಾಚೆ ಇನ್ನೊಂದು ಎಡತಿರುವು ಕಾಣಿಸಿತು. ಅವನು ವೇಗ ತಗ್ಗಿಸಿ, ಸೀಟಿನ ಅಂಚಿಗೆ ಸರಿದು, ಚೀಲದ ಮೇಲಕ್ಕೆ ತಾನೇ ವಾಲಿದ.